ಅಚ್ಚಿನೊಳಗಿನ ಅರಿಷಿಣ ನೀರು

ಐರಣಿಯನ್ನು ಮೊದಲು ಪತ್ತೆ ಹಚ್ಚಿದ್ದು ನನ್ನ ಮೊಣಕಾಲು. ಜತ್ತ ಪೇಟೆಯ ಹೊರಗೆ ಒಂದು ಗುಜರಿ ಅಂಗಡಿ ಇದೆ. ಹಳೆಯ ಬೇರಿಂಗು, ಸುಟ್ಟ ಮೋಟಾರಿನ ಬಾಡಿ ಹುಡುಕಿಕೊಂಡು ನಾನು ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇನೆ. ಅವತ್ತು ಮುರಿದ ಮಂಚ, ಜಂಗು ತಿಂದ ತಗಡುಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಏನೋ ಬಡಿದು ಜೀವ ಹೋದಂತಾಯಿತು. ಸಿಟ್ಟಿನಿಂದ ತಗಡು ಎತ್ತಿ ಒಗೆದೆ. ಕೆಳಗೆ ಐರಣಿ ಅಡ್ಡಬಿದ್ದಿತ್ತು. ಕಂಬಾರರು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ದಿಮ್ಮಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಅದರ ನೆತ್ತಿ ಬಡಿಸಿಕೊಂಡು ಬಡಿಸಿಕೊಂಡು ನಡುವೆ ತುಸು ತಗ್ಗಾಗಿತ್ತು. ಒಂದು ಮೂಲೆಯಲ್ಲಿ ಉಗುರಿನಷ್ಟು ಚೂರು ಹಾರಿಹೋಗಿತ್ತು. ಪಕ್ಕದಲ್ಲಿ ಎರಡು ಇಕ್ಕಳ, ಮೂರು ಸುತ್ತಿಗೆ, ಕೈಯಿಂದ ತಿರುಗಿಸುವ ಗಾಳಿಯ ಪಂಖಾ. ಒಂದು ಪೂರಾ ಕುಲುಮೆಯನ್ನೇ ಯಾರೋ ತಂದು ಅಲ್ಲಿ ಸುರಿದಿದ್ದರು.

ಸಣ್ಣ ಸುತ್ತಿಗೆಯಿಂದ ಐರಣಿಯ ನೆತ್ತಿಯ ಮೇಲೆ ಒಂದೇಟು ಹಾಕಿದೆ. ಅದು ಎಷ್ಟು ಚೊಕ್ಕ ದನಿ ಕೊಟ್ಟಿತೆಂದರೆ ತೂಕದ ಕಲ್ಲು ಇಡುತ್ತಿದ್ದ ಅಂಗಡಿಯವನು ತಲೆ ಎತ್ತಿ ನೋಡಿದ.

"ಯಾರದಪಾ ಇದು?"

"ದರಿಬಡಚಿ ಕಂಬಾರಂದು. ಅವನ ಮಗಾನ ತಂದ ಹಾಕ್ಯಾನ. ತಗೊಂಡ ಹೋಗು, ಜಾಗಾ ಖುಲ್ಲಾ ಆಕ್ಕೈತಿ" ಅಂದ.

ತೂಗಿಸಿ, ಟೆಂಪೋದಲ್ಲಿ ಹಾಕಿಸಿಕೊಂಡು ಸೋನ್ಯಾಳದ ನಮ್ಮ ಮನೆಗೆ ತಂದೆ. ದಾರಿಯುದ್ದಕ್ಕೂ ಹೊಸ ಲಗ್ನದವನ ಹಾಗೆ ಹಿಂದೆ ತಿರುಗಿ ತಿರುಗಿ ನೋಡಿದ್ದು ನೆನಪಿದೆ. ಆ ಸಾಮಾನನ್ನು ಅಲ್ಲೇ ಬಿಟ್ಟು ಬಂದಿದ್ದರೆ ಒಬ್ಬ ಮನುಷ್ಯನ ಕಣ್ಣು ಇವತ್ತಿಗೂ ನೆಟ್ಟಗಿರುತ್ತಿತ್ತು. ಹೇಳಬೇಕಾದದ್ದು ಅದನ್ನೇ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ನಾನು ಮೋಟಾರು ಸುತ್ತುವವನು. ಬೋರಿನ ಮೋಟಾರು ಸುಟ್ಟರೆ ಜನ ನನ್ನಲ್ಲಿಗೆ ತರುತ್ತಾರೆ. ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತೇನೆ. ನಮ್ಮ ಭಾಗದಲ್ಲಿ ನೀರು ಕೆಳಗೆ ಹೋದಷ್ಟೂ ಮೋಟಾರು ಸುಡುತ್ತವೆ, ಮೋಟಾರು ಸುಟ್ಟಷ್ಟೂ ನನ್ನ ಒಲೆ ಉರಿಯುತ್ತದೆ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಐವತ್ತು ತುಂಬುವ ಹೊತ್ತಿಗೆ ನನಗೊಂದು ಹುಚ್ಚು ಅಂಟಿತು. ಫೋನಿನಲ್ಲಿ ಯಾರೋ ತನ್ನ ಹಿತ್ತಲಲ್ಲಿ ಅಲ್ಯುಮಿನಿಯಂ ಕರಗಿಸಿ, ಉಸುಕಿನ ಅಚ್ಚಿನಲ್ಲಿ ಸುರಿದು, ಬೇಕಾದ ಆಕಾರ ತೆಗೆಯುವುದನ್ನು ನೋಡಿದೆ. ಅದನ್ನೇ ನೂರು ಸಲ ನೋಡಿದೆ. ಎಣ್ಣೆಯ ಡ್ರಮ್ಮಿಗೆ ಒಳಗಿನಿಂದ ಮಣ್ಣು ಬೂದಿ ಮೆತ್ತಿ ಭಟ್ಟಿ ಮಾಡಿದೆ. ಬೋರಿನ ಕೇಸಿಂಗ್ ಪೈಪಿನ ತುಂಡಿಗೆ ತಳ ಹಚ್ಚಿಸಿ ಕರಗಿಸುವ ಮೂಸೆ ಮಾಡಿದೆ. ಹಳೆಯ ಪಿಸ್ಟನ್ನು, ಒಡೆದ ಪಾತ್ರೆ, ಸುಟ್ಟ ರೋಟರು, ಸಿಕ್ಕಿದ್ದೆಲ್ಲ ಅದರೊಳಗೆ.

"ಕುಕ್ಕರಿಗೆ ಒಂದ ಹಿಡಿಕಿ ಹಾಕಿ ಕೊಡ್ರಿ ಅಂದ್ರ ಆರ ತಿಂಗಳಿಂದ ಆಗವಲ್ದು, ಊರ ಪಿಸ್ಟನ್ ಎಲ್ಲಾ ಕರಗಸ್ಲಾಕ ಟೈಮ್ ಐತಿ" ಎಂದು ಹೆಂಡತಿ ಅಣಕಿಸುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಕೈಯಿಂದ ಹೊರಬರುತ್ತಿದ್ದದ್ದು ಬರೀ ಒಡ್ಡುಒಡ್ಡಾದ ಬೆಳ್ಳಗಿನ ಉಂಡೆಗಳು. ಆದರೂ ಕರಗಿದ ಲೋಹ ಮೂಸೆಯಲ್ಲಿ ಕನ್ನಡಿಯ ಹಾಗೆ ನಿಂತಾಗ ನನಗೆ ಆಗುತ್ತಿದ್ದ ಸಂತೋಷ ಮೋಟಾರು ಸುತ್ತಿ ಎಂದೂ ಆಗಿರಲಿಲ್ಲ.

ಐರಣಿ ತಂದ ಮೇಲೆ ಅದನ್ನು ಯಾವುದರ ಮೇಲೆ ಕೂಡ್ರಿಸಬೇಕು, ಎಷ್ಟು ಎತ್ತರಕ್ಕೆ, ಗೊತ್ತಾಗಲಿಲ್ಲ. ಮೂರು ದಿನ ನನ್ನ ಬುದ್ಧಿ ಓಡಿಸಿ ಸೋತು, ಅದನ್ನು ಬಳಸಿದವನನ್ನೇ ಕೇಳೋಣವೆಂದು ದರಿಬಡಚಿಗೆ ಹೋದೆ. ರಸ್ತೆಯ ಮೇಲೆಯೇ ಮಗನ ವೆಲ್ಡಿಂಗ್ ಅಂಗಡಿ ಇತ್ತು. ಟ್ರ್ಯಾಕ್ಟರಿನ ರಂಟೆಗೆ ಹಲ್ಲು ಬೆಸೆಯುತ್ತಿದ್ದ ಅವನು ಮುಖವಾಡ ಸರಿಸಿ, "ಒಳಗ ಅದಾರ ಹೋಗ್ರಿ. ಮಾತಾಡಸಾಕ ಯಾರರ ಸಿಕ್ರ ಸಾಕಾಗೇತಿ ಅವರಿಗೆ" ಅಂದ. ಕೆಟ್ಟವನಲ್ಲ. ನೇಗಿಲಿನ ಕುಳ ಬಡಿದು ಹಣಿಸಲು, ಕುಡುಗೋಲಿಗೆ ಹಲ್ಲು ಕಡಿಸಲು ಯಾರೂ ಬರದೆ ವರ್ಷಗಳಾಗಿದ್ದವು. ಆ ಜಾಗ ಅವನ ವೆಲ್ಡಿಂಗ್ ಮಷೀನಿಗೆ ಬೇಕಾಗಿತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಂಗಡಿಯ ಹಿಂದಿನ ಮನೆಯಲ್ಲಿ ಅವನ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು; ನಾನು ಕಾಕಾ ಎಂದೇ ಮಾತಾಡಿಸಿದೆ. ಎಪ್ಪತ್ತರ ಆಚೆಯ ಮನುಷ್ಯ. ಎಡಗಣ್ಣು ಪೂರಾ ಮುಚ್ಚಿ ರೆಪ್ಪೆ ಒಳಗೆ ಕುಸಿದಿತ್ತು. ಬಲಗಣ್ಣಿನ ಮೇಲೆ ದಪ್ಪ ಕನ್ನಡಕ. ಐರಣಿ ನಾನು ಒಯ್ದಿದ್ದೇನೆ ಅಂದಕೂಡಲೇ ಅವರು ನೆಟ್ಟಗಾದರು.

"ಸಣ್ಣ ಸುತ್ತಿಗಿ ಸಿಕ್ಕತೇನ್ರಿ? ಜಾಲಿ ಹಿಡಿಕೀದು?"

"ಸಿಕ್ಕೇತ್ರಿ."

"ಅದು ನಮ್ಮಪ್ಪಂದು" ಅಂದರು. ಆಮೇಲೆ ತಾವಾಗಿಯೇ ಹೇಳಿದರು. ಬಲಗಣ್ಣಿನ ಪೊರೆ ತೆಗೆಸಲು ಮಿರಜಿಗೆ ಹೋಗಿದ್ದಾಗ ಮಗ ಸಾಮಾನು ಹಾಕಿಬಿಟ್ಟಿದ್ದ. ತಿರುಗಿ ಬಂದು, ಪಟ್ಟಿ ಬಿಚ್ಚಿದ ಮೇಲೆ ಮೊದಲು ಸ್ವಚ್ಛವಾಗಿ ಕಂಡದ್ದೇ ಖಾಲಿ ಕುಲುಮೆ. "ಡಾಕ್ಟರ ಆಪರೇಶನ್ ಭಾಳ ಚಲೋ ಮಾಡಿದ್ದ. ಎಲ್ಲಾ ಕಾಣ್ತಿತ್ತು" ಅಂದರು.

ಮೂಲೆಯ ಚೂರು ಎಲ್ಲಿ ಹೋಯಿತೆಂದು ಕೇಳಿದೆ. ಕೇಳಬಾರದಿತ್ತು. ಅವರು ಬೆರಳಿನಿಂದ ಎಡಗಣ್ಣನ್ನು ತೋರಿಸಿದರು. ಮೂವತ್ತು ವರ್ಷದ ಹಿಂದೆ ಅವರ ಅಣ್ಣ ದೊಡ್ಡ ಸುತ್ತಿಗೆ ಎತ್ತಿ ಹೊಡೆದಾಗ ಏಟು ಕಬ್ಬಿಣಕ್ಕೆ ಬೀಳದೆ ಐರಣಿಯ ಅಂಚಿಗೆ ಬಿದ್ದಿತ್ತು. ಚೂರು ಹಾರಿ ನೇರ ಕಣ್ಣಿಗೆ ನಟ್ಟಿತ್ತು. ಆ ಅಣ್ಣ ಸಾಯುವತನಕ ಮತ್ತೆ ದೊಡ್ಡ ಸುತ್ತಿಗೆ ಮುಟ್ಟಲಿಲ್ಲವಂತೆ.

ಅಷ್ಟರಲ್ಲಿ ಅವರ ಹೆಂಡತಿ ಗೋಡೆ ಹಿಡಿದುಕೊಂಡು ಚಹಾ ತಂದರು. ಎರಡೂ ಮೊಣಕಾಲು ಬಾತು ನಡೆಯಲಾಗದ ಹೆಂಗಸು. ಬೋರಿನಿಂದ ನೀರು ತರುವುದು, ಗಿರಣಿಗೆ ಹೋಗುವುದು, ರೇಶನ್ ತರುವುದು ಎಲ್ಲ ಗಂಡನೇ. ಮಗ ಸೊಸೆ ಇದ್ದರೂ ಬೇರೆ ಒಲೆ. ಕಾಕಾ "ನಾ ಬಂದ ಐರಣಿ ಕುಂದರಸಿ ಕೊಡ್ತೀನಿ" ಅಂದಾಗ ಆಕೆ ಅವರಿಗೆ ಏನೂ ಹೇಳದೆ ನನ್ನ ಕಡೆ ತಿರುಗಿದರು.

"ಡಾಕ್ಟರ ಬೆಂಕಿ ಮುಂದ ಹೋಗಬ್ಯಾಡ ಅಂದಾನ. ಇರೂದು ಒಂದ ಕಣ್ಣು. ಅದೂ ಹ್ವಾತಂದ್ರ ನಾವಿಬ್ರೂ ಕುಂತಲ್ಲೇ ಕುಂತ ಸಾಯಬೇಕು. ತಿಳೀತಿಲ್ಲ?"

"ಹತ್ತ ಹೆಜ್ಜಿ ದೂರ ಕುಂದರಸ್ತೀನ್ರಿ ಅವ್ವಾರ. ಬರೇ ಬಾಯಿಲೆ ಹೇಳ್ಲಿ ಸಾಕು. ನನ್ನ ಜವಾಬ್ದಾರಿ" ಅಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುಂದಿನ ವಾರದಿಂದ ಕಾಕಾ ಬರತೊಡಗಿದರು. ನೀರು ತುಂಬಿಟ್ಟು, ಗಿರಣಿಯ ಕೆಲಸ ಮುಗಿಸಿ, ಸಿಕ್ಕ ಗಾಡಿ ಹತ್ತಿ ಹನ್ನೊಂದರ ಹೊತ್ತಿಗೆ ಇಳಿಯುತ್ತಿದ್ದರು. ಮೊದಲ ದಿನ ನಾನೇ ಹತ್ತು ಹೆಜ್ಜೆ ಎಣಿಸಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದೆ. ಅಲ್ಲಿಂದಲೇ ಹೇಳುತ್ತ ಹೋದರು. ಜಾಲಿಯ ಬೊಡ್ಡೆ ತರಿಸಿ ಅರ್ಧ ನೆಲದಲ್ಲಿ ಹೂಳಿಸಿದರು. ನನ್ನನ್ನು ಅದರ ಪಕ್ಕ ನಿಲ್ಲಿಸಿ, ಮುಷ್ಟಿ ಕಟ್ಟಿ ಕೈ ಜೋತುಬಿಡಲು ಹೇಳಿದರು. ಮುಷ್ಟಿಯ ಗೆಣ್ಣು ಎಲ್ಲಿ ತಾಗುತ್ತದೋ ಅಲ್ಲಿಗೆ ಐರಣಿಯ ನೆತ್ತಿ ಬರಬೇಕು. ಅದಕ್ಕಿಂತ ಮೇಲಾದರೆ ಹೆಗಲು ಹೋಗುತ್ತದೆ, ಕೆಳಗಾದರೆ ನಡ ಹೋಗುತ್ತದೆ. ಐರಣಿಯ ಮೇಲೆ ಕೂಡಬಾರದು. ಕಾಲು ತಾಗಿಸಬಾರದು. ಅಮವಾಸ್ಯೆಯ ದಿನ ಬಡಿಯಬಾರದು. ಹೊಸದಾಗಿ ಮಾಡಿದ ಯಾವುದೇ ಸಾಮಾನಿಗೆ ಅರಿಷಿಣ ನೀರು ಚಿಮುಕಿಸಿ ಕುಂಕುಮ ಹಚ್ಚದೆ ಕೆಲಸಕ್ಕೆ ಹಚ್ಚಬಾರದು.

ಎರಡನೇ ವಾರ ಕುರ್ಚಿ ಐದು ಹೆಜ್ಜೆಗೆ ಬಂತು. ನಾನು ಕಬ್ಬಿಣ ಕಾಯಿಸುವ ರೀತಿ ನೋಡಲಾಗದೆ ಅವರೇ ಎಳೆದುಕೊಂಡಿದ್ದರು. ಮೂರನೇ ವಾರ ಕುರ್ಚಿ ಖಾಲಿ ಇತ್ತು, ಕಾಕಾ ಐರಣಿಯ ಮುಂದೆ ನಿಂತಿದ್ದರು. ಬೇಡ ಅನ್ನಲಿಲ್ಲವೇ ಎಂದು ಕೇಳಿದರೆ, ಅಂದೆ. ಒಂದು ಸಲ ಅಂದೆ, ಅದೂ ನಗುತ್ತ. ಆ ಸುತ್ತಿಗೆ ಕೈಗೆ ಬಂದ ಮೇಲೆ ಅವರ ಬೆನ್ನು ನೆಟ್ಟಗಾಗಿದ್ದನ್ನು ನೋಡಿದ್ದೆ. ನನ್ನ ಸ್ವಾರ್ಥವೂ ಇತ್ತು. ಅಂಥ ಕೆಲಸಗಾರ ಸುಮ್ಮನೆ ಬಂದು ಕಲಿಸುತ್ತಿರುವಾಗ ದೂರ ಕುಂದ್ರಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ವೆಲ್ಡಿಂಗಿನ ಕರಿ ಕನ್ನಡಕ ಕೊಟ್ಟೆ. "ಇರೂ ಒಂದ ಕಣ್ಣಿಗೆ ಕತ್ತಲಿ ಮಾಡ್ತಿ ಏನ ಮಿಸ್ತ್ರಿ?" ಎಂದು ತೆಗೆದಿಟ್ಟರು. ಆ ಹೊತ್ತಿಗೆ ನಾನು ಅವರಿಗೆ ನೀನಾಗಿದ್ದೆ, ಮಿಸ್ತ್ರಿಯಾಗಿದ್ದೆ. ಅದರ ಖುಷಿಯೇ ಬೇರೆ.

ಅವರು ಕಬ್ಬಿಣವನ್ನು ಬಣ್ಣದಿಂದ ಓದುತ್ತಿದ್ದರು. ನಸುಗೆಂಪಿಗೆ ಬಾಗುತ್ತದೆ, ಕಿತ್ತಳೆಗೆ ಹಣಿಯುತ್ತದೆ, ಹಳದಿ ದಾಟಿ ಬಿಳಿಯಾಗಿ ಕಿಡಿ ಉದುರಿದರೆ ಕೆಟ್ಟಿತೆಂದು ಅರ್ಥ. ಕೆಂಪು ಕಬ್ಬಿಣವನ್ನು ಕಲ್ಲಿನ ಡೋಣಿಯ ನೀರಿಗೆ ಅದ್ದಿ ಚೊಂಯ್ ಅನ್ನಿಸಿ, ಅದೇ ನೀರಿನಲ್ಲಿ ಕೈ ತೊಳೆದು, ಅದನ್ನೇ ಮುಖಕ್ಕೆ ಎರಚಿಕೊಳ್ಳುತ್ತಿದ್ದರು. ಐವತ್ತು ವರ್ಷ ಬೆಂಕಿ ಮತ್ತು ನೀರು ಎರಡನ್ನೂ ಒಂದೇ ಮೊಳದ ಅಂತರದಲ್ಲಿ ಇಟ್ಟುಕೊಂಡು ಬದುಕಿದವರು. ನೀರು ಅವರಿಗೆ ಎಂದೂ ಮೋಸಮಾಡಿರಲಿಲ್ಲ.

ಎರಕದ ಕೆಲಸ ಹಾಗಲ್ಲ. ಕರಗಿದ ಲೋಹದ ಕೆಳಗೆ ಒಂದು ಹನಿ ನೀರು ಸಿಕ್ಕಿದರೆ ಅದು ಆ ಕ್ಷಣಕ್ಕೆ ಉಗಿಯಾಗಿ ಹಿಗ್ಗುತ್ತದೆ. ಹೊರಗೆ ಬರಲು ದಾರಿ ಇಲ್ಲದೆ ಮೇಲಿನ ಲೋಹವನ್ನೇ ಎತ್ತಿ ಒಗೆಯುತ್ತದೆ. ನೋಡಿದ ಪ್ರತಿಯೊಂದು ವಿಡಿಯೋದಲ್ಲೂ ಮೊದಲು ಹೇಳುತ್ತಿದ್ದದ್ದು ಇದನ್ನೇ. ಅಚ್ಚನ್ನು ಒರೆಸಿ, ಭಟ್ಟಿಯ ಮೇಲಿಟ್ಟು ಕಾಯಿಸಿ, ಆಮೇಲೆ ಸುರಿಯಿರಿ. ನನಗೂ ಒಂದು ಸಲ ಹಸಿ ಉಸುಕಿನಲ್ಲಿ ಸಣ್ಣದೊಂದು ಪಟಾಕಿಯಾಗಿ ಗೋಡೆಯ ಮೇಲೆ ಬೆಳ್ಳಗಿನ ಚುಕ್ಕಿಗಳು ಕೂತಿದ್ದವು. ಅದನ್ನು ಕಾಕಾಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹುಟ್ಟಿದಾಗಿನಿಂದ ಬೆಂಕಿಯಲ್ಲಿ ಕೈಯಾಡಿಸಿದವರಿಗೆ ಫೋನು ನೋಡಿ ಕಲಿತ ನಾನು ಬೆಂಕಿಯ ಪಾಠ ಹೇಳುವುದೇ ಎಂದು ನಾಚಿಕೆಯಾಗಿ ಬಿಟ್ಟೆ. ಗೋಡೆಯ ಚುಕ್ಕಿಗಳ ಮೇಲೆ ಸುಣ್ಣ ಹಚ್ಚಿದೆ.

ನನ್ನ ಬೆಳ್ಳಗಿನ ಉಂಡೆಗಳನ್ನು ನೋಡಿ ಅವರಿಗೆ ನಗು ಬರುತ್ತಿತ್ತು. "ಇದೇನ ಮಿಸ್ತ್ರಿ, ನಾಗರ ಪಂಚಮಿ ಉಂಡಿ ಕಟ್ಟೀದಂಗ ಕಟ್ಟಿಟ್ಟಿ. ತಡಿ, ನಿನಗೊಂದ ಅಚ್ಚ ಮಾಡಿ ಕೊಡ್ತೀನಿ" ಅಂದರು. ಕರಗಿಸಿದ್ದನ್ನು ಸುರಿದು ಪಟ್ಟಿಗಳನ್ನಾಗಿ ಮಾಡಿಟ್ಟುಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ. ಉದ್ದಕ್ಕೂ ಮಡಿಕೆಯಿರುವ ಒಂದು ಮೊಳ ಆ್ಯಂಗಲ್ ಪಟ್ಟಿ ತೆಗೆದುಕೊಂಡು, ಎರಡೂ ತುದಿ ಕಾಯಿಸಿ ಮಡಚಿ, ಮೂಲೆಗಳನ್ನು ಒಂದಕ್ಕೊಂದು ಹಣಿದು ಮುಚ್ಚಿದರು. ಮೂರು ದಿನ ಬೇಕಾಯಿತು. ಕಣ್ಣು ಮಂಜಾದಾಗ ಬೆರಳಿನಿಂದ ಸವರಿ ನೋಡುತ್ತಿದ್ದರು. ಬೆಸುಗೆ ಇಲ್ಲದೆ ಬರೀ ಏಟಿನಿಂದ ಮುಚ್ಚಿದ ಮೂಲೆಯಲ್ಲಿ ನೀರು ಹಾಕಿ ತೋರಿಸಿ, "ಒಂದ ಹನಿ ಸೋರಿದ್ರ ಹೇಳು" ಅಂದರು. ಸೋರಲಿಲ್ಲ. ಎರಡು ವರ್ಷದಲ್ಲಿ ಅವರು ಮಾಡಿದ ಮೊದಲ ಸಾಮಾನು ಅದು. ಅಂಥ ಚೊಕ್ಕ ಕೆಲಸವನ್ನು ನಾನು ಬೇರೆ ಕಡೆ ನೋಡಿಲ್ಲ.

ಮರುದಿನ ಅಮವಾಸ್ಯೆ. ಕೆಲಸ ಬಂದ್. ಪಾಡ್ಯದ ದಿನ ಕಾಕಾ ತಲೆಗೆ ಹೊಸ ಪಟಗ ಸುತ್ತಿಕೊಂಡು, ಒಂದು ತಂಬಿಗೆಯಲ್ಲಿ ಅರಿಷಿಣ ಕಲಸಿದ ನೀರು, ಕಾಗದದಲ್ಲಿ ಕುಂಕುಮ ಕಟ್ಟಿಕೊಂಡು ಬಂದರು. ನಾನಾಗಲೇ ಭಟ್ಟಿ ಹಚ್ಚಿದ್ದೆ. ಮಧ್ಯಾಹ್ನ ಒಂದರ ಸುಮಾರಿಗೆ ಪಿಸ್ಟನ್ನುಗಳು ಕರಗಿ ಮೂಸೆ ಮುಕ್ಕಾಲು ತುಂಬಿತ್ತು. ಮೇಲಿನ ಕಸ ತೆಗೆದೆ. ಇದ್ದಲಿ ಮುಗಿಯುತ್ತ ಬಂದಿತ್ತು. ಈಗ ಸುರಿಯಬೇಕು, ತಡವಾದರೆ ಲೋಹ ಬಿಗಿಯುತ್ತದೆ.

"ತಡಿ ತಡಿ. ಅದಕ್ಕ ಪೂಜಿ ಆಗಿಲ್ಲ" ಎಂದು ಕಾಕಾ ಕೂತರು. ಅಚ್ಚಿಗೆ ಕುಂಕುಮ ಹಚ್ಚಿದರು. ಬಲಗೈಯ ಬೆರಳುಗಳನ್ನು ತಂಬಿಗೆಯಲ್ಲಿ ಅದ್ದಿ ಮೂರು ಸಲ ಚಿಮುಕಿಸಿದರು. ಐರಣಿಗೆ ಮೂರು, ಭಟ್ಟಿಗೆ ಮೂರು. ಆಮೇಲೆ ಕಣ್ಣು ಮುಚ್ಚಿ ಕೈ ಮುಗಿದರು. ಅವರ ತುಟಿ ಅಲುಗುತ್ತಿತ್ತು.

ನಾನು ಅಚ್ಚಿನೊಳಗೆ ನೋಡಿದೆ. ಬಲಗಡೆಯ ಮೂಲೆಯಲ್ಲಿ, ಅವರು ಅಷ್ಟು ಚೆನ್ನಾಗಿ ಹಣಿದು ಮುಚ್ಚಿದ ಆ ಮೂಲೆಯಲ್ಲಿ, ಹಳದಿ ನೀರು ನಿಂತಿತ್ತು. ಒಂದು ಚಮಚೆಯಷ್ಟು. ನೋಡಿದೆ. ನೋಡಿಲ್ಲವೆಂದು ಎಷ್ಟು ದಿನ ನನಗೆ ನಾನೇ ಹೇಳಿಕೊಂಡರೂ ಆ ಹಳದಿ ಬಣ್ಣ ಕಣ್ಣ ಮುಂದೆ ಬರುತ್ತದೆ. ನನ್ನ ಹೆಗಲ ಮೇಲೆ ಟವೆಲ್ ಇತ್ತು. ಬಾಗಿ ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಮನುಷ್ಯ ಕೈ ಮುಗಿದು ಕೂತಿರುವಾಗ ಅವನ ಪೂಜೆಯ ನೀರನ್ನು ಬೆವರು ಒರೆಸುವ ಟವೆಲಿನಿಂದ ಹೇಗೆ ಒರೆಸುವುದು? ಲೋಹ ತಣ್ಣಗಾಗುತ್ತಿದೆ. ಬಿಸಿಲು ಚುರುಗುಟ್ಟುತ್ತಿದೆ, ಆರಿಹೋಗಿರುತ್ತದೆ. ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ. ಈ ನಾಲ್ಕೂ ಯೋಚನೆ ಎರಡು ಉಸಿರಿನಷ್ಟು ಹೊತ್ತಿನಲ್ಲಿ ಬಂದು ಹೋದವು. ನಾನು ಕರಿ ಕನ್ನಡಕ ಹಾಕಿಕೊಂಡೆ. ಇಕ್ಕಳದಿಂದ ಮೂಸೆ ಎತ್ತಿದೆ.

ಅಲ್ಯುಮಿನಿಯಂ ಹಗಲಿನಲ್ಲಿ ಕೆಂಪಗೆ ಕಾಣುವುದಿಲ್ಲ. ಕರಗಿ ನೀರಾಗುವಷ್ಟು ಕಾದರೂ ತಣ್ಣಗಿನ ಬೆಳ್ಳಿಯ ಹಾಗೆಯೇ ಇರುತ್ತದೆ. ಬಣ್ಣ ನೋಡಿ ಕಾವು ಹೇಳುವ ಕಾಕಾಗೆ ಅದು ಒಗಟಾಗಿತ್ತು. "ಕಾದೇತೋ ಇಲ್ಲೋ ಇದು? ಬಣ್ಣಾನ ಬಂದಿಲ್ಲಲ್ಲ" ಎನ್ನುತ್ತ, ಕೂತಲ್ಲಿಂದಲೇ ಅಚ್ಚಿನ ಮೇಲೆ ಬಾಗಿದರು. ನಾನು ಆಗಲೇ ಸುರಿಯುತ್ತಿದ್ದೆ.

ಬಂದೂಕು ಹಾರಿದಂಥ ಸದ್ದಾಯಿತು. ಅಚ್ಚಿನಿಂದ ಬೆಳ್ಳಗಿನದು ಎದ್ದು ಬಂತು. ನನ್ನ ಕನ್ನಡಕದ ಗಾಜಿನ ಮೇಲೆ ಟಪ್ ಟಪ್ ಎಂದು ಬಿದ್ದು ಅಂಟಿಕೊಂಡಿತು. ಕೈ ಸುಟ್ಟಿತು, ಮೂಸೆ ಕೆಳಗೆ ಹಾಕಿದೆ. ಕನ್ನಡಕ ಕಿತ್ತೆಸೆದು ನೋಡಿದರೆ ಕಾಕಾ ಅಂಬೆಗಾಲಿನಲ್ಲಿ ಡೋಣಿಯ ಕಡೆ ಹೋಗುತ್ತಿದ್ದರು. ತಡಕಿ ತಡಕಿ ಕಲ್ಲು ಸಿಕ್ಕ ಕೂಡಲೇ ಮುಖವನ್ನು ಪೂರಾ ನೀರಿನೊಳಗೆ ಮುಳುಗಿಸಿದರು. ಕೂಗಲಿಲ್ಲ. ತಲೆ ಎತ್ತಿದಾಗ "ಮಿಸ್ತ್ರಿ, ನಿನಗ ಹತ್ತಿಲ್ಲ ಹೌದಲ್ಲೊ?" ಎಂದು ಕೇಳಿದರು. ಬಲಗಣ್ಣಿನ ರೆಪ್ಪೆಯ ಮೇಲೆ ಬೆಳ್ಳಗಿನ ಚುಕ್ಕಿಗಳು ಕೂತಿದ್ದವು.

ಮಿರಜಿನಲ್ಲಿ ಅವರನ್ನು ಎಂಟು ದಿನ ಇಟ್ಟುಕೊಂಡರು. ಕಣ್ಣು ಉಳಿಯಲಿಲ್ಲ. ಡಾಕ್ಟರು ಹೊರಗೆ ಬಂದು ಅದನ್ನು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಯಾವ ಭಾಷೆಯಲ್ಲಿ ಹೇಳಿದ್ದರೂ ಅದರ ಅರ್ಥ ಅಷ್ಟೇ. ಮಗ ಗೋಡೆಗೆ ಆತು ನಿಂತಿದ್ದ. ಅವನೂ ಬೆಂಕಿಯ ಕೆಲಸದವನೇ. ಮಂಚದ ಪಕ್ಕ ಬಂದು ನನ್ನನ್ನು ಕೇಳಿದ.

"ಹೆಂಗ ಸಿಡೀತ್ರಿ ಅದು?"

"ಅಚ್ಚಿನ್ಯಾಗ ನೀರಿತ್ತು" ಅಂದೆ.

ಅದು ಸುಳ್ಳಲ್ಲ. ಅಷ್ಟೇ ಹೇಳಿ ನಿಲ್ಲಿಸಿದ್ದೇ ನನ್ನ ಪಾಪ. ಮಂಚದ ಮೇಲಿನಿಂದ, ಪಟ್ಟಿ ಕಟ್ಟಿದ ಮುಖದಿಂದ ಕಾಕಾನ ದನಿ ಬಂತು. "ನೀರ? ನೀರ ನಾನ ಹಾಕಿದ್ದೆಲ್ಲೋ. ಪೂಜೀದು. ನನ್ನ ಕೈಲೇನ ಹಾಕಿದೆ." ಬಲಗೈಯನ್ನು ಹಾಸಿಗೆಯ ಮೇಲಿಂದ ಎತ್ತಿ, ಅದು ತನ್ನದಲ್ಲವೇನೋ ಎಂಬಂತೆ ಗಾಳಿಯಲ್ಲಿ ಹಿಡಿದರು. ಆಗಲೇ ಹೇಳಬೇಕಿತ್ತು. ಮಗ ಎದುರಿಗೆ ನಿಂತಿದ್ದ. ಆ ಅವ್ವ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದರು. ನನ್ನ ಬಾಯಿಗೆ ಬೀಗ ಬಿತ್ತು. ಹೆದರಿದೆ, ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ.

ಭಟ್ಟಿ ಒಡೆದು ಹಾಕಿದೆ. ಒಂದು ವರ್ಷ ವಾರಕ್ಕೊಮ್ಮೆ ದರಿಬಡಚಿಗೆ ಹೋದೆ. ನೀರು ತುಂಬಿ ಕೊಟ್ಟೆ, ಗಿರಣಿಗೆ ಹೋಗಿ ಬಂದೆ. ನಾನಿಲ್ಲದ ದಿನಗಳಲ್ಲಿ ಆ ಅವ್ವ ಬಾತ ಮೊಣಕಾಲಿನಲ್ಲಿ ಅರ್ಧರ್ಧ ಕೊಡ ತರುವುದನ್ನು ಒಮ್ಮೆ ದೂರದಿಂದ ನೋಡಿ, ಎದುರಾಗಲು ಧೈರ್ಯ ಸಾಲದೆ ಗಾಡಿ ತಿರುಗಿಸಿಕೊಂಡು ಬಂದಿದ್ದೇನೆ. "ನಿಮ್ಮ ಉಪಕಾರ ಹೆಂಗ ತೀರಸೂದ್ರಿ, ಅವರದ ತಪ್ಪಿಗೆ ನೀವ್ಯಾಕ ತಿರಗಾಡ್ತೀರಿ" ಎಂದು ಆಕೆ ಚಹಾ ಕೊಡುತ್ತಿದ್ದರು. ಕುಡಿದೆ. ಪ್ರತಿ ವಾರ ಕುಡಿದೆ.

ಕಾಕಾ ಬಲಗೈಯನ್ನು ಯಾವಾಗಲೂ ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದರು. ಊಟ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಬೆಳಗ್ಗೆ ವಿಭೂತಿಯನ್ನೂ ಹೆಂಡತಿಯಿಂದ ಹಚ್ಚಿಸಿಕೊಳ್ಳುತ್ತಿದ್ದರು. ಕೇಳಿದರೆ "ಈ ಕೈ ದೇವರಿಗೆ ಬ್ಯಾಡಾಗೇತಿ" ಎನ್ನುತ್ತಿದ್ದರು. ಒಂದು ದಿನ ಯಾರೂ ಇಲ್ಲವೆಂದುಕೊಂಡು ಎಡಗೈಯಿಂದ ಬಲಗೈಗೆ ಹೊಡೆದುಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಮ್ಮಲೂ ಇಲ್ಲ.

ಈ ಸಲದ ದಸರೆಯಲ್ಲಿ, ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಐರಣಿಯನ್ನು ಟೆಂಪೋಗೆ ಹಾಕಿಸಿಕೊಂಡು ಅವರ ಮನೆಗೆ ಒಯ್ದೆ. ತಿರುಗಿ ಕೊಟ್ಟರೆ ಎದೆಯ ಭಾರ ಸ್ವಲ್ಪ ಇಳಿಯಬಹುದೆಂಬ ಲೆಕ್ಕಾಚಾರ. ನನ್ನಂಥವರ ಪಶ್ಚಾತ್ತಾಪವೂ ಅಗ್ಗದ್ದೇ. ಮಗನೇ ಇಳಿಸಿಕೊಂಡು ಅಂಗಳದಲ್ಲಿ ಇಟ್ಟು, ಇಕ್ಕಳ ಸುತ್ತಿಗೆಗಳನ್ನು ಪಕ್ಕದಲ್ಲಿ ಜೋಡಿಸಿ, ತನ್ನ ಅಂಗಡಿಯ ಪೂಜೆಗೆ ಹೋದ. ಕಾಕಾ ಎಡಗೈಯಿಂದ ಐರಣಿಯನ್ನು ಸವರಿದರು. ಹೆಬ್ಬೆರಳು ಹೋಗಿ ಒಡೆದ ಮೂಲೆಯಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

ಅವ್ವ ತಾಟಿನಲ್ಲಿ ಕುಂಕುಮ, ಹೂವು, ಸಣ್ಣ ತಂಬಿಗೆಯಲ್ಲಿ ಅರಿಷಿಣ ನೀರು ತಂದು ಅವರ ಮುಂದೆ ಹಿಡಿದರು. "ಇವತ್ತರ ನಿಮ್ಮ ಕೈಲೆ ಹಾಕ್ರಿ."

"ಬ್ಯಾಡ. ನನ್ನ ಕೈ ಚಲೋದಲ್ಲ" ಅಂದರು ಕಾಕಾ. ಆಮೇಲೆ ನಾನಿದ್ದ ಕಡೆಗೆ ಮುಖ ತಿರುಗಿಸಿ, "ಮಿಸ್ತ್ರಿ ಕೈಲೆ ಹಾಕಸು. ಅವಂದು ಚಲೋ ಕೈ" ಅಂದರು.

ಅವ್ವ ತಾಟನ್ನು ನನ್ನ ಕೈಗೆ ಕೊಟ್ಟರು. ತಂಬಿಗೆಯಲ್ಲಿ ಅದೇ ಹಳದಿ ನೀರು.

"ಕಾಕಾ, ನಾ ನೋಡಿದ್ದೆ" ಅಂದೆ.

"ಏನ ನೋಡಿದ್ದಿ?"

"ನೀರ. ಅಚ್ಚಿನ್ಯಾಗಿಂದು. ಸುರುವೂಕಿಂತ ಮೊದಲ ನೋಡಿದ್ದೆ. ನೀರ ಇದ್ರ ಸಿಡೀತೈತಿ ಅಂತ ನನಗ ಗೊತ್ತಿತ್ತು. ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಮಗನ ಅಂಗಡಿಯಿಂದ ತೆಂಗಿನಕಾಯಿ ಒಡೆದ ಸದ್ದು ಬಂತು. ಕಾಕಾ ಸಿಟ್ಟು ಮಾಡಲಿಲ್ಲ. ಕೆಲಸದ ಬಗ್ಗೆ ವಿಚಾರಿಸುವಾಗಿನ ದನಿಯಲ್ಲಿ ಕೇಳಿದರು.

"ಎಷ್ಟಿತ್ತು?"

"ಮೂಲ್ಯಾಗ. ಒಂದ ಚಮಚೆ."

"ಒರಸಾಕ ಅರಬಿ ಏನರ ಇತ್ತೇನ್ರಿ ನಿಮ್ಮ ಹತ್ರ?"

"ಇತ್ರಿ. ಹೆಗಲ ಮ್ಯಾಲ ಇತ್ತು."

ಕಾಕಾ ತಲೆಯಾಡಿಸಿದರು. ತೊಡೆಯ ಕೆಳಗಿನಿಂದ ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದರು. ಎಡಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಸವರಿದರು. "ಒಂದ ವರ್ಷ ಆತು, ದಿನಾ ಇದಕ್ಕ ಬೈದೇನಿ" ಅಂದರು. ಅದು ನನಗೆ ಹೇಳಿದ್ದಲ್ಲ.

ಅವ್ವ ನನ್ನ ಕೈಯಿಂದ ತಾಟು ಕಿತ್ತುಕೊಂಡರು. ಮೊಣಕಾಲು ಊರಲಾಗದ ಆಕೆ ಹೇಗೋ ಗಂಡನ ಪಕ್ಕ ನೆಲಕ್ಕೆ ಕೂತು, ಆ ಬಲಗೈಯನ್ನು ಹಿಡಿದು ತಂಬಿಗೆಯ ನೀರಿನಲ್ಲಿ ಅದ್ದಿಸಿದರು. ಕಾಕಾ ಎಡಗೈಯ ಗೆಣ್ಣಿನಿಂದ ಐರಣಿಯನ್ನು ಒಮ್ಮೆ ತಟ್ಟಿ, ಅದು ಎಲ್ಲಿದೆಯೆಂದು ಕೇಳಿಸಿಕೊಂಡು, ಮೂರು ಸಲ ಚಿಮುಕಿಸಿದರು. ಅರ್ಧ ನೀರು ಐರಣಿಯ ಮೇಲೆ ಬಿತ್ತು. ಉಳಿದದ್ದು ನನ್ನ ಪಾದದ ಮೇಲೆ ಬಿತ್ತು.

"ಇನ್ನ ನೀವು ಬರಬ್ಯಾಡ್ರಿ" ಅಂದರು ಅವ್ವ, ನನ್ನ ಕಡೆ ನೋಡದೆ. "ನೀರ ನಾ ತರ್ತೀನಿ."